ಡಲ್ಲಾಸಿನ ಟಿಕೆಟ್ಟು, ಶಿರಾದ ಕಾಲರು

ಮೇಷ್ಟ್ರು: ಕ್ಷಮಾಪಣೆ ಪತ್ರದೊಳಗೆ ಅಮೆರಿಕ ಬರಂಗಿಲ್ಲ ಸಾಬ್ರೇ. ನಾನು ಬರೆಯಲ್ಲ.

ಬಾಷಾ ಸಾಬ್: ಅಮೆರಿಕ ಇಲ್ದಿದ್ರೆ ನನ್ನ ರುಜೂನೂ ಇಲ್ಲ.

ಹಿಂದಿನ ಸಂಜೆ ಮೊದಲನೇ ಆಟದಲ್ಲಿ, ನಾಯಕಿ ಅಳಲು ಶುರುಮಾಡುವ ಹೊತ್ತಿಗೆ ಸರಿಯಾಗಿ, ಶಿರಾದ ಟೂರಿಂಗ್ ಟಾಕೀಸಿನ ಗೇಟ್‌ಕೀಪರ್ ಬಾಷಾ ಸಾಬರು ಕತ್ತಲಲ್ಲಿ ಒಬ್ಬರ ಕಾಲರ್ ಹಿಡಿದು, "ಟಿಕೆಟ್ ತೋರ್ಸಲೇ" ಎಂದು ಜಗ್ಗಿದ್ದರು. ಮೇಲಿನ ಗುಂಡಿ ಕಿತ್ತು ಬಂತು. ರೀಲು ಬದಲಿಸಲು ದೀಪ ಹಾಕಿದಾಗ, ಕಾಲರಿನ ಮೇಲಿದ್ದ ಮುಖ ಊರಿಗೆ ಬಂದು ನಾಲ್ಕೇ ದಿನವಾಗಿದ್ದ ಹೊಸ ಸಬ್ ಇನ್ಸ್‌ಪೆಕ್ಟರರದ್ದು. ಮಫ್ತಿಯಲ್ಲಿದ್ದರು. ಡೇರೆಯ ಮಾಲೀಕ ಕಾಡಸಿದ್ದಪ್ಪ ಅಲ್ಲೇ ತೀರ್ಪು ಕೊಟ್ಟ: ನಾಳೆ ಮಧ್ಯಾಹ್ನದೊಳಗೆ ಕ್ಷಮಾಪಣೆ ಪತ್ರ ಠಾಣೆ ಸೇರಬೇಕು, ಇಲ್ಲದಿದ್ದರೆ ಸಂಜೆಯಿಂದ ಗೇಟಿಗೆ ಬೇರೆ ಆಳು. ಕಾಲರ್ ಹಿಡಿದವರಿಗೆ ಕಾಲು ಹಿಡಿಯುವ ಕಾಲ ಬಂದಿತ್ತು.

ಪತ್ರ ಬರೆದುಕೊಡಲು ಪ್ರೈಮರಿ ಶಾಲೆಯ ಸಿದ್ದಗಂಗಯ್ಯ ಮೇಷ್ಟ್ರು ಡೇರೆಯ ಮುಂದಿನ ಬೆಂಚಿನಲ್ಲಿ ಕೂತು ಅರ್ಧ ಗಂಟೆಯಾಗಿತ್ತು. ಕಾಗದದ ಮೇಲೆ "ಮಹಾಸ್ವಾಮಿಯವರ ಸನ್ನಿಧಿಗೆ" ಎಂಬುದು ಬಿಟ್ಟು ಬೇರೇನೂ ಇಳಿದಿರಲಿಲ್ಲ.

ಮೇಷ್ಟ್ರು: "ಗುರುತು ಸಿಗದೆ ತಪ್ಪಾಯಿತು, ಮನ್ನಿಸಬೇಕು." ಮುಗೀತು. ಇದರಲ್ಲಿ ಅಮೆರಿಕದ ಅಧ್ಯಕ್ಷ ಕೆನೆಡಿಗೇನು ಕೆಲಸ?

ಬಾಷಾ ಸಾಬ್: ಹೋದ ತಿಂಗಳು ಪೇಪರ್ ಓದಿ ಹೇಳ್ದೋರು ನೀವೇ. ಅವರನ್ನ ಗುಂಡಿಟ್ಟು ಕೊಂದ ಅಂತ ಒಬ್ಬನ್ನ ಹಿಡಿದ್ರಲ್ಲ, ಎಲ್ಲಿ ಹಿಡಿದ್ರು?

ಮೇಷ್ಟ್ರು: ಡಲ್ಲಾಸ್ ಅನ್ನೋ ಊರಲ್ಲಿ, ಸಿನಿಮಾ ಥಿಯೇಟ್ರಲ್ಲಿ.

ಬಾಷಾ ಸಾಬ್: ಹೆಂಗೆ ಅನುಮಾನ ಬಂತು?

ಮೇಷ್ಟ್ರು: ಟಿಕೆಟ್ ತಗಳ್ದೆ ಒಳಕ್ಕೆ ನುಗ್ಗಿದ್ನಂತೆ.

ಬಾಷಾ ಸಾಬ್: ಬರೀರಿ ಮತ್ತೆ. "ಅಮೆರಿಕದಲ್ಲಿ ಆಗಿದ್ದು ಶಿರಾದಲ್ಲಿ ಆಗಬಾರದು ಅಂತ ಹಿಡಿದೆ."

ಮೇಷ್ಟ್ರು: ಅಂದ್ರೆ ಸಾಹೇಬರು ಕೊಲೆಗಾರರು ಅಂತ ಬರೆದಂಗಾಯ್ತು. ಅದು ಕ್ಷಮಾಪಣೆ ಅಲ್ಲ ಕಣ್ರೀ, ಚಾರ್ಜ್‌ಶೀಟು.

ಬಾಷಾ ಸಾಬರು ಗಡ್ಡ ಕೆರೆದುಕೊಂಡರು.

ಬಾಷಾ ಸಾಬ್: ಅದೂ ಸರೀನೇ. ನಿಜ ಹೇಳ್ಬೇಕಂದ್ರೆ ಆ ಅಮೆರಿಕದ ಕತೆ ನಂಗೇ ನಂಬಿಕೆ ಇಲ್ಲ.

ಮೇಷ್ಟ್ರು: ನಂಬಿಕೆ ಇಲ್ದಿದ್ದನ್ನ ಪತ್ರಕ್ಕೆ ಹಾಕು ಅಂತೀರಾ?

ಬಾಷಾ ಸಾಬ್: ಸರ್ಕಾರಕ್ಕೆ ಕೊಡೋ ಕಾಗದ ತಾನೆ? ನಂಬಿದ್ದನ್ನೇ ಬರೀಬೇಕು ಅಂತ ಯಾವ ಕಾನೂನಲ್ಲೈತೆ? ಈಗ ಹೇಳಿ, ಎಷ್ಟೊತ್ತಿಗೆ ಹಿಡಿದ್ರು ಅವನ್ನ?

ಮೇಷ್ಟ್ರು: ಮಧ್ಯಾಹ್ನ.

ಬಾಷಾ ಸಾಬ್: ಕತೆ ಕಟ್ಟಿದೋರು ಅಲ್ಲೇ ಸಿಕ್ಕಾಕ್ಕಂಡ್ರು. ಮಧ್ಯಾಹ್ನ ಸಿನಿಮಾ ಕಾಣ್ತದಾ ಮೇಷ್ಟ್ರೇ? ನಮ್ಮ ಪರದೆ ಮೇಲೆ ಮನುಷ್ಯನ ಮೂಗು ಯಾವುದು, ಕಿವಿ ಯಾವುದು ಅಂತ ಗೊತ್ತಾಗ್ಬೇಕಾದ್ರೆ ಸಂಜೆ ಏಳಾಗ್ಬೇಕು.

ಮೇಷ್ಟ್ರು: ಅದು ಡೇರೆ ಅಲ್ರೀ. ಗೋಡೆ, ಚಾವಣಿ ಇರೋ ಥಿಯೇಟ್ರು. ಬಾಗ್ಲು ಹಾಕಿದ್ರೆ ಯಾವಾಗ್ಲೂ ಕತ್ತಲೇ.

ಬಾಷಾ ಸಾಬ್: ಇರ್ಲಿ, ಒಂದು ಬಿಟ್ಟೆ. ನುಗ್ಗಿದ್ದನ್ನ ನೋಡಿದ್ದು ಯಾರು?

ಮೇಷ್ಟ್ರು: ಹತ್ರದ ಬೂಟಿನ ಅಂಗಡಿಯವನು. ಬಂದು ಟಿಕೆಟ್ ಕೊಡೋ ಹೆಂಗಸಿಗೆ ಹೇಳ್ದ, ಆಯಮ್ಮ ಪೊಲೀಸ್ಗೆ ಫೋನ್ ಮಾಡಿದ್ಲು.

ಬಾಷಾ ಸಾಬ್: ಗೇಟ್‌ಕೀಪರ್?

ಮೇಷ್ಟ್ರು: ನಮ್ಮ ಪೇಪರಲ್ಲಿ ಬರೆದಿರ್ಲಿಲ್ಲ.

ಬಾಷಾ ಸಾಬ್: ಯಾಕೆ ಬರೆದಿಲ್ಲ ಅಂತ ಯಾರಾದ್ರೂ ಕೇಳಿದ್ರಾ? ಬೂಟಿನವನು ಬಂದ, ಟಿಕೆಟಿನವಳು ಬಂದ್ಲು, ಪೊಲೀಸ್ ದಂಡು ಬಂತು, ಬಾಗಿಲಲ್ಲಿ ನಿಂತೋನು ಮಾತ್ರ ಇಲ್ಲ. ಗೇಟ್‌ಕೀಪರನ್ನ ಕತೆಯಿಂದಾನೇ ಆಚೆ ಹಾಕವ್ರೆ ಅಂದ್ರೆ, ಅವನಿಗೆ ಏನೋ ಗೊತ್ತಿತ್ತು.

ಮೇಷ್ಟ್ರು: ಅಥವಾ ಅವನು ಟೀ ಕುಡಿಯಕ್ಕೆ ಹೋಗಿದ್ದ.

ಬಾಷಾ ಸಾಬ್: ಹನ್ನೊಂದು ವರ್ಷ ಗೇಟಲ್ಲಿ ನಿಂತೋನು ಹೇಳ್ತೀನಿ ಕೇಳಿ. ಕೊಲೆ ಮಾಡಿ ಓಡಿ ಬಂದೋನು ಟಿಕೆಟ್ ತಗಂತಾನೆ, ಅದೂ ನೆಲದ್ದಲ್ಲ, ಕುರ್ಚೀದೇ ತಗಂತಾನೆ, ಚಿಲ್ಲರೆ ಕೂಡ ಕೇಳಲ್ಲ. ಟಿಕೆಟ್ ಇಲ್ದೆ ದರ್ಬಾರಾಗಿ ಒಳಕ್ಕೆ ಬರೋರು ಯಾರು ಹೇಳಿ?

ಮೇಷ್ಟ್ರು: ಯಾರು?

ಬಾಷಾ ಸಾಬ್: ಪೊಲೀಸ್ನೋರು. ಅಂದ್ಮೇಲೆ ಅವನೂ ಅವರ ಕಡೆಯೋನೇ. ಅದಕ್ಕೇ ಎರಡೇ ದಿನಕ್ಕೆ, ಅವರ ಸುಪರ್ದಿನಲ್ಲೇ, ಅವನಿಗೂ ಗುಂಡು ಬಿತ್ತು.

ಮೇಷ್ಟ್ರು: ಮೆಲ್ಲಗೆ ಮಾತಾಡಿ. ದಫೇದಾರ್ರು ಬತ್ತಾವ್ರೆ.

ಠಾಣೆಯ ದಫೇದಾರ ದೊಡ್ಡಹನುಮಯ್ಯ ಸೈಕಲ್ಲನ್ನು ಡೇರೆಯ ಗೂಟಕ್ಕೆ ಒರಗಿಸಿ ಬಂದರು.

ದಫೇದಾರ: ಯಾರಿಗೆ ಸಾಬ್ರೇ ಗುಂಡು?

ಮೇಷ್ಟ್ರು: ಅಮೆರಿಕದಲ್ಲಿ.

ದಫೇದಾರ: ಅದು ನಮ್ಮ ಸರಹದ್ದಲ್ಲ. ಆ ಪತ್ರ ಹರಿದಾಕಿ, ಬೇಡವಂತೆ. ಕ್ಷಮಾಪಣೆ ಬಂದ್ರೆ ಫೈಲಾಗ್ತದೆ, ಫೈಲಾದ್ರೆ ಮೇಲಿನೋರು ಓದ್ತಾರೆ, ಓದಿದ್ರೆ ಸಾಹೇಬ್ರು ಬಿಟ್ಟಿ ಸಿನಿಮಾ ನೋಡಿದ್ದು ಗೊತ್ತಾಗ್ತದೆ. ಅದಕ್ಕೇ ನಿನ್ನೆ ನಡೆದಿದ್ದು ಏನಂದ್ರೆ, ಸಾಹೇಬ್ರ ಹತ್ರ ಟಿಕೆಟ್ ಇತ್ತು.

ಬಾಷಾ ಸಾಬ್: ಯಾವಾಗಿಂದ ಇತ್ತು?

ದಫೇದಾರ: ಇವತ್ತು ಬೆಳಗ್ಗೆಯಿಂದ.

ಅವರು ಟೋಪಿ ತೆಗೆದು, ಅದರೊಳಗಿಂದ ಕುರ್ಚಿಯ ಟಿಕೆಟ್ಟೊಂದನ್ನು ಹೊರಗೆಳೆದರು. ಕಾಡಸಿದ್ದಪ್ಪನೇ ಪುಸ್ತಕದಿಂದ ಹರಿದುಕೊಟ್ಟದ್ದು.

ದಫೇದಾರ: ಅರ್ಧ ಹರಿದು ತಂತಿಗೆ ಚುಚ್ಚಿ ಇಡ್ತೀರಲ್ಲ, ನಿನ್ನೆ ತಂತೀಲಿ ಇದನ್ನೂ ಸೇರ್ಸಿ. ಇನ್ನರ್ಧ ನಂಗೆ ಕೊಡಿ.

ಬಾಷಾ ಸಾಬ್: ನಿನ್ನೆ ಆಟಕ್ಕೆ ಇವತ್ತಿನ ಟಿಕೆಟ್ಟು. ನೋಡಿದ್ರಾ ಮೇಷ್ಟ್ರೇ, ಅಮೆರಿಕದಲ್ಲೂ ಇಂಗೇ ಯಾರೋ ಒಬ್ಬರು ಟೋಪಿ ತೆಗೆದಿರ್ತಾರೆ.

ಮೇಷ್ಟ್ರು: ತೆಗೆದಿರ್ತಾರೋ, ಹಾಕಿರ್ತಾರೋ.

ದಫೇದಾರ: ನಿಮಗೆ ಗೇಟು ಬೇಕಾ, ಅಮೆರಿಕ ಬೇಕಾ?

ಬಾಷಾ ಸಾಬರು ಟಿಕೆಟ್ಟನ್ನು ನಡುಮಧ್ಯಕ್ಕೆ, ಹನ್ನೊಂದು ವರ್ಷದ ಅಭ್ಯಾಸದ ಕೈಯಿಂದ ನೇರವಾಗಿ ಹರಿದರು. ಅರ್ಧ ತಂತಿಗೆ ಹೋಯಿತು, ಅರ್ಧ ಟೋಪಿಗೆ.

ಬಾಷಾ ಸಾಬ್: ಸಂಜೆ ನಾನು ಗೇಟಿಗೆ ನಿಲ್ಬೋದು ತಾನೆ?

ದಫೇದಾರ: ಇನ್ನೊಂದು ಬಾಕಿ ಐತೆ. ಸಾಹೇಬ್ರೇ ಕೇಳ್ಕಂಬಾ ಅಂದವ್ರೆ. ಇನ್ನೂರು ಜನ ಕೂತಿದ್ದ ಡೇರೇಲಿ ನನ್ನನ್ನೇ ಯಾಕೆ ಹಿಡಿದ ಅಂತ. ಬೆಳಗ್ಗೆಯಿಂದ ತಲೆ ಕೆಡಿಸ್ಕಂಡವ್ರೆ ಪಾಪ. ನನ್ನ ಮುಖ ಕಳ್ಳನ ಥರ ಐತೇನಯ್ಯ ಅಂತ ನನ್ನನ್ನ ಎರಡು ಸಲ ಕೇಳಿದ್ರು.

ಮೇಷ್ಟ್ರು: ನೀವೇನಂದ್ರಿ?

ದಫೇದಾರ: ನಂಗೂ ಪಿಂಚಣಿ ಬೇಕು ಮೇಷ್ಟ್ರೇ, ಸುಮ್ಕಿದ್ದೆ. ಸಾಬ್ರೇ, ಯೋಚ್ನೆ ಮಾಡಿ ಹೇಳಿ. ಇಲಾಖೆ ಮೇಲೆ ದ್ವೇಷ ಅಂದ್ರೆ ನಿಮ್ಮ ಗೇಟು ಹೋಯ್ತು. ಯಾರೋ ಹೇಳಿಕೊಟ್ರು ಅಂದ್ರೆ ಕಾಡಸಿದ್ದಪ್ಪನ ಲೈಸೆನ್ಸೇ ಹೋಯ್ತು. ಅವರ ಮೇಲೇ ಯಾಕೆ ಅನುಮಾನ ಬಂತು?

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ಬಾಷಾ ಸಾಬರು ಇಬ್ಬರ ಮುಖವನ್ನೂ ನೋಡಿ, ನೆಲ ನೋಡಿದರು.

ಬಾಷಾ ಸಾಬ್: ಅನುಮಾನ ಏನಿಲ್ಲ ಸಾಮಿ. ನನ್ನ ಸ್ಟೂಲ್ ಮೇಲೆ ಕೂತಿದ್ರು.