ಮರ ನೋಡಲು ಬಂದವರು

ಹನ್ನೊಂದು ಮೊಟ್ಟೆಯ ಚಿಪ್ಪುಗಳಲ್ಲಿ ಎಂಟಕ್ಕೆ ಎರಡೂ ತುದಿಗಳಲ್ಲಿ ಎಳ್ಳಿನಷ್ಟು ತೂತು. ಉಳಿದ ಮೂರಕ್ಕೆ ತೊಗರಿಬೇಳೆಯಷ್ಟು. ಎಳ್ಳಿನ ತೂತಿನವು ಅಪ್ಪ ಊದಿ ಬರಿದು ಮಾಡಿದವು, ಬೇಳೆಯವು ನನ್ನವು. ಬಣ್ಣ ಬಳಿದು, ದಾರ ಪೋಣಿಸಿ ಕ್ರಿಸ್ಮಸ್ ಮರಕ್ಕೆ ತೂಗಹಾಕಿದ ಮೇಲೆ ದೂರದಿಂದ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಹತ್ತಿರ ಬಂದರೆ ಕಾಣುತ್ತದೆ. ನಮ್ಮ ಬೀದಿಯವರು ಹತ್ತಿರ ಬರುವವರು.

ಆದ್ದರಿಂದ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಕೈಕೆಲಸ ಬರುವುದಿಲ್ಲ. ಮದರಾಸಿಗೆ ಹೋಗಿ ಗಣಿತದಲ್ಲಿ ಬಿ.ಎ. ಮಾಡಿ ಬಂದೆ, ಈಗ ಮಂಗಳೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಅದನ್ನೇ ಕಲಿಸುತ್ತೇನೆ. ಆರು ಮೂಲೆಯ ನಕ್ಷತ್ರವನ್ನು ಕಂಪಾಸಿನಿಂದ ಕೂದಲೆಳೆಯೂ ತಪ್ಪದಂತೆ ಬರೆಯಬಲ್ಲೆ. ಕತ್ತರಿ ಕೈಗೆ ಬಂದ ಕೂಡಲೇ ಅದಕ್ಕೆ ಐದೂವರೆ ಮೂಲೆಗಳಾಗುತ್ತವೆ. ನಮ್ಮ ಮನೆಯಲ್ಲಿ ಬೆರಳುಗಳಿರುವುದು ಅಪ್ಪನಿಗೆ. ಅವರು ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು. ಮೂವತ್ತು ವರ್ಷ ಸೀಸದ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕಿ ಸಾಲು ಕಟ್ಟಿದ ಆ ಬೆರಳುಗಳಿಗೆ ಮನೆಗೆ ಬಂದ ಮೇಲೂ ಸುಮ್ಮನಿರಲು ಬರುವುದಿಲ್ಲ, ಕ್ರೋಶಾ ಹೆಣೆಯುತ್ತವೆ. ಅಜ್ಜಿಯಿಂದ ಚಿಕ್ಕಂದಿನಲ್ಲಿ ಕಲಿತದ್ದಂತೆ. ಮಳೆಗಾಲ ಮುಗಿದದ್ದೇ ಅಪ್ಪ ನಕ್ಷತ್ರಗಳನ್ನು ಹೆಣೆಯಲು ಕೂರುತ್ತಾರೆ. ಹೆಣೆದದ್ದು ಸೆಟೆದು ನಿಲ್ಲಲು ಗಂಜಿತಿಳಿಯಲ್ಲಿ ಅದ್ದಬೇಕು. ಕುಚ್ಚಲಕ್ಕಿಯ ತಿಳಿಯಾದರೆ ನೂಲು ಕೆಂಪಡರುತ್ತದೆಂದು, ವರ್ಷಕ್ಕೊಮ್ಮೆ ಅದಕ್ಕಾಗಿಯೇ ಬೆಳ್ತಿಗೆ ಅಕ್ಕಿಯ ಗಂಜಿ ಮಾಡಿಸುತ್ತಾರೆ. ಆದರೆ ಇದೆಲ್ಲ ಬಾಗಿಲಿನ ಒಳಗಿನ ಸಂಗತಿ. ಜಗಲಿಯಲ್ಲಿ ಚಪ್ಪಲಿಯ ಸದ್ದಾದರೆ ನೂಲಿನ ಪೆಟ್ಟಿಗೆ ಕುರ್ಚಿಯ ಅಡಿಗೆ ಹೋಗುತ್ತದೆ, ವರ್ತಮಾನ ಪತ್ರಿಕೆ ಕೈಗೆ ಬರುತ್ತದೆ. ಅಪ್ಪನಿಗೆ ಹೆದರಿಕೆಯಿರುವುದು ಪ್ರೆಸ್ಸಿನದ್ದು. ಅಲ್ಲಿಯ ಮ್ಯಾನೇಜರಿಗೆ ಜನರಿಗೆ ಅಡ್ಡಹೆಸರು ಇಡುವ ಚಟ. ಒಮ್ಮೆ ಜೋರು ಮಳೆಗೆ ಹೆಂಡತಿಯ ಕೊಡೆ ಹಿಡಿದು ಬಂದ ಬೈಂಡರ್ ಒಬ್ಬರು ಹನ್ನೆರಡು ವರ್ಷಗಳಿಂದ ‘ಕೊಡೆಬಾಯಿ’ ಆಗಿದ್ದಾರೆ. ಅವರ ಮಕ್ಕಳನ್ನೂ ಬೀದಿಯಲ್ಲಿ ಹಾಗೆಯೇ ಕರೆಯುತ್ತಾರೆ.

ಇನ್ನು ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ಅದು ಒಂದಲ್ಲ, ಹಲವು. ಮೊದಲನೆಯದು ಹತ್ತಿ. ಹಿಮ ಬೀಳುವುದನ್ನು ನಮ್ಮ ಚರ್ಚಿನ ಸಭೆಯಲ್ಲಿ ನೋಡಿದವರು ಯಾರೂ ಇಲ್ಲ. ಡಿಸೆಂಬರಿನಲ್ಲೂ ನಾವು ಬೀಸಣಿಗೆ ಹಿಡಿದೇ ಆರಾಧನೆಗೆ ಕೂರುವವರು. ಆದರೂ ಪ್ರತಿ ಮನೆಯಲ್ಲಿಯೂ ಸಮುದ್ರ ದಂಡೆಯಿಂದ ತಂದ ಗಾಳಿಮರದ ಮೇಲೆ ಔಷಧದ ಅಂಗಡಿಯ ಹತ್ತಿಯನ್ನು ಉಂಡೆ ಉಂಡೆಯಾಗಿ ಅಂಟಿಸಿದರೇ ಹಬ್ಬ. ನಮಗೆ ಮೀನು ತರುವ ಅಕ್ಕು ಹೋದ ವರ್ಷ ಬುಟ್ಟಿ ಇಳಿಸಿ ಒಳಗೆ ಇಣುಕಿ ನೋಡಿ, “ಎಂತ ಅಮ್ಮ, ಮರಕ್ಕೆ ಎಲ್ಲಿಗೆ ಪೆಟ್ಟಾದ್ದು?” ಎಂದು ನಿಜವಾದ ಕನಿಕರದಿಂದ ಕೇಳಿದಳು. ಎರಡನೆಯದು ಕಾಗದದ ಸರಪಳಿ: ಕೆಂಪು, ಹಸಿರು, ಕೆಂಪು, ಹಸಿರು, ಮರವನ್ನು ಕಳ್ಳನನ್ನು ಕಟ್ಟಿದ ಹಾಗೆ ಸುತ್ತಿ ಬಿಗಿಯುತ್ತಾರೆ. ಯುದ್ಧ ಶುರುವಾದ ಮೇಲೆ ಹೊರದೇಶದ ಗಾಜಿನ ಗುಂಡುಗಳು ಬರುವುದು ನಿಂತಿತು. ಈಗ ಚಹಾ ಪೆಟ್ಟಿಗೆಯ ಒಳಗಿನ ಬೆಳ್ಳಿ ಕಾಗದವನ್ನು ಬೆಂಡಿನ ಮೇಲೆ ಸುತ್ತಿ ಗುಂಡು ಎನ್ನುತ್ತಾರೆ. ಉರ್ವದಲ್ಲಿ ಒಬ್ಬರು ಮಕ್ಕಳ ಗೊಂಬೆಗಳನ್ನೆಲ್ಲ ಕುತ್ತಿಗೆಗೆ ದಾರ ಕಟ್ಟಿ ನೇತುಹಾಕಿದ್ದರು. ಅದನ್ನು ನೋಡಿ ಬಂದ ಮೇಲೆ ನಾನು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ವಿದ್ಯುತ್ತಿನ ಬಲ್ಬುಗಳನ್ನು ಹಾಕಿದ ಒಂದು ಮನೆಯೂ ಇದೆ; ಅಲ್ಲಿ ಮರವನ್ನು ಯಾರೂ ನೋಡುವುದಿಲ್ಲ, ಸ್ವಿಚ್ಚನ್ನು ನೋಡುತ್ತಾರೆ.

ಈ ಎಲ್ಲ ಶೈಲಿಗಳ ವಿಚಾರದಲ್ಲಿ ನಮ್ಮ ಕುಟುಂಬಕ್ಕೆ ಪ್ರಮಾಣವೆಂದರೆ ಸಲೋಮಿ ಅತ್ತೆ, ಅಪ್ಪನ ಅಕ್ಕ. ನಮ್ಮವರಲ್ಲಿ ಕ್ರಿಸ್ಮಸ್ಸಿನಿಂದ ಹೊಸ ವರ್ಷದವರೆಗೆ ಒಬ್ಬರ ಮರವನ್ನು ಇನ್ನೊಬ್ಬರು ಹೋಗಿ ನೋಡುವುದು ವಾಡಿಕೆ. ಅತ್ತೆ ಒಂದನ್ನೂ ಬಿಡುವುದಿಲ್ಲ. ಈ ವಾಡಿಕೆಗೆ ಇನ್ನೊಂದು ಉಪಯೋಗವೂ ಉಂಟು. ಮದುವೆಗೆ ಬಂದ ಹುಡುಗಿಯಿರುವ ಮನೆಗೆ ಹುಡುಗನ ಕಡೆಯವರು ಬರುತ್ತಾರೆ. ಹೆಣ್ಣು ನೋಡಲು ಬಂದೆವೆಂದು ಹೇಳುವುದಿಲ್ಲ, ಮರ ನೋಡಲು ಬಂದೆವೆನ್ನುತ್ತಾರೆ. ಹುಡುಗಿ ಒಪ್ಪಿಗೆಯಾದರೆ ಹೊಸ ವರ್ಷದ ಮೇಲೆ ಮಾತು ಮುಂದುವರಿಯುತ್ತದೆ. ಆಗದಿದ್ದರೆ, ಅವರು ನೋಡಿದ್ದು ಮರವನ್ನಷ್ಟೇ, ಯಾರಿಗೂ ಅವಮಾನವಿಲ್ಲ. ಬಹಳ ಮರ್ಯಾದಸ್ಥ ಏರ್ಪಾಡು ಎಂದು ಎಲ್ಲರೂ ಹೇಳುತ್ತಾರೆ. ಮರದ ಪಕ್ಕದಲ್ಲಿ ನಿಂತವಳನ್ನು ಯಾರೂ ಕೇಳಿಲ್ಲ.

ಈ ಸಲ ಕ್ರಿಸ್ಮಸ್ಸಿನ ಮರುದಿನ ನಾನು ಶಾಲೆಯ ಗೆಳತಿಯೊಬ್ಬಳನ್ನು ಕಂಡು ಮಣ್ಣಗುಡ್ಡದ ನಮ್ಮ ಮನೆಗೆ ಮರಳುವಷ್ಟರಲ್ಲಿ ಅತ್ತೆ ಸ್ಟೂಲಿನ ಮೇಲೆ ಹತ್ತಿದ್ದರು. ಅಪ್ಪ ಮತ್ತು ನಾನು ಕಟ್ಟಿದ್ದ ಮರ ಗುರುತು ಸಿಗದ ಹಾಗಾಗಿತ್ತು. ಅಪ್ಪನ ನಕ್ಷತ್ರಗಳೆಲ್ಲ ಮುಂದಿನ ಕೊಂಬೆಗಳಿಗೆ ಬಂದಿದ್ದವು. ಅವುಗಳ ನಡುವೆ ಅಮ್ಮನ ಕಸೂತಿಯ ಕರವಸ್ತ್ರಗಳು. ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಕೆಂಪು ರಿಬ್ಬನ್ನಿನಲ್ಲಿ, ಕಾಲೇಜಿನಲ್ಲಿ ನನಗೆ ಕೊಟ್ಟ ಚಿನ್ನದ ಪದಕ. ಅದು ನನ್ನ ಟ್ರಂಕಿನ ತಳದಲ್ಲಿ, ಮಡಚಿದ ಪತ್ರಗಳ ಅಡಿಯಲ್ಲಿ ಇದ್ದದ್ದು.

“ನನ್ನ ಟ್ರಂಕು ತೆಗೆದವರು ಯಾರು?” ಎಂದೆ.

“ನಾನೇ ಮಾರಾಯ್ತಿ. ಪತ್ರ ಎಲ್ಲ ನಾನು ಓದಲಿಲ್ಲ, ಹೆದರಬೇಡ,” ಎಂದರು ಅತ್ತೆ. “ಸಂಜೆ ಲಿಡಿಯಮ್ಮ ಮಗನನ್ನು ಕರ್ಕೊಂಡು ಬರ್ತಾರೆ. ಬೊಂಬಾಯಿಯಲ್ಲಿ ರೈಲ್ವೆ ಆಫೀಸು ಅವನಿಗೆ. ಅಪ್ಪನ ಮ್ಯಾನೇಜರು ಇದ್ದಾರಲ್ಲ, ಅವರ ಸ್ವಂತ ಅಕ್ಕ ಲಿಡಿಯಮ್ಮ. ಮರದಲ್ಲಿ ಇರುವುದೆಲ್ಲ ನೀನು ಮಾಡಿದ್ದು. ತಿಳೀತಾ?”

“ನಾನು ಮಾಡಿಲ್ಲ.”

“ಮಾಡಿಲ್ಲ ಅಂತ ನಿನಗೆ ಗೊತ್ತು, ನಮಗೆ ಗೊತ್ತು. ಮರಕ್ಕೆ ಎಂತ ಗೊತ್ತು?”

ನಾನು ಅಪ್ಪನ ಕಡೆ ನೋಡಿದೆ. ತಮ್ಮ ಮೂರು ತಿಂಗಳ ಕೆಲಸ ಮಗಳ ಹೆಸರಿಗೆ ಹೋಗುವಾಗ ಯಾರಾದರೂ ಒಂದು ಮಾತು ಹೇಳಬೇಕಲ್ಲ. ಅಪ್ಪ ಪತ್ರಿಕೆಯ ಹಿಂದಿನಿಂದ, “ಇರಲಿ ಮಗಾ. ಹಾಗೆ ಹೇಳಿದರೇ ಒಳ್ಳೆಯದು,” ಎಂದರು. ಅಡುಗೆಮನೆಯಿಂದ ಅಮ್ಮ, “ಆ ಹಸಿರು ಸೀರೆ ಉಡು, ಇದಲ್ಲ,” ಎಂದರು. ನಾನು ಸೀರೆ ಬದಲಿಸಲಿಲ್ಲ. ನನ್ನ ಪ್ರತಿಭಟನೆ ಅಷ್ಟಕ್ಕೇ ಮುಗಿಯಿತು.

ಲಿಡಿಯಮ್ಮ ದೊಡ್ಡ ಆಳ್ತನದ ಹೆಂಗಸು. ಬಾಗಿಲಲ್ಲಿಯೇ “ಮರ ನೋಡಿ ಹೋಗುವ ಅಂತ ಬಂದೆವು” ಎಂದು ಸಾರಿದರು. ಮಗ ಕುರ್ಚಿಯಲ್ಲಿ ಕೂತು ಚಕ್ಕುಲಿಯ ತಟ್ಟೆಗೆ ಹತ್ತಿರವಾದ. ಲಿಡಿಯಮ್ಮ ಮರದ ಸುತ್ತ ಒಂದು ಸುತ್ತು ಬಂದು, ಒಂದು ನಕ್ಷತ್ರವನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, “ಅಬ್ಬ, ಎಂಥಾ ಕೈ! ನೀನಾ ಹೆಣೆದದ್ದು?” ಎಂದು ನನ್ನನ್ನು ಕೇಳಿದರು.

“ಅಲ್ಲ,” ಎಂದೆ.

“ನೋಡಿ, ಎಷ್ಟು ವಿನಯ,” ಎಂದರು ಲಿಡಿಯಮ್ಮ ಅತ್ತೆಗೆ.

“ವಿನಯವಲ್ಲ. ನನಗೆ ಕ್ರೋಶಾ ಬರುವುದಿಲ್ಲ.”

“ಈಗಿನ ಕಾಲದಲ್ಲಿ, ಬಿ.ಎ. ಮಾಡಿ, ಇಷ್ಟು ನಾಚಿಕೆ! ಎಲ್ಲಿ ಸಿಗ್ತದೆ ಹೇಳಿ?” ಅವರ ಕಣ್ಣು ತುಂಬಿದಂತಿತ್ತು. ಅತ್ತೆ, “ಮೊದಲಿನಿಂದಲೂ ಅವಳು ಹಾಗೆಯೇ,” ಎಂದರು. ಕಸೂತಿಯ ಕರವಸ್ತ್ರವೂ ನನ್ನದಲ್ಲವೆಂದೆ. ನನ್ನ ಬೆಲೆ ಇನ್ನೊಂದು ಮೆಟ್ಟಿಲು ಏರಿತು. ನಾನು ಸತ್ಯ ಹೇಳುತ್ತ ಹೋದಷ್ಟೂ ಮದುವೆ ಹತ್ತಿರ ಬರುತ್ತಿತ್ತು. ಕೊನೆಗೆ ಅವರು ಪದಕವನ್ನು ಮುಟ್ಟಿ ಇದೇನೆಂದು ಕೇಳಿದಾಗ, ಒಂದಾದರೂ ನನ್ನದೆಂದು ಹೇಳಬಹುದಲ್ಲ ಎಂಬ ನೆಮ್ಮದಿಯಲ್ಲಿ, “ಇದು ನನ್ನದೇ. ಗಣಿತದಲ್ಲಿ ಮೊದಲ ಸ್ಥಾನಕ್ಕೆ ಕೊಟ್ಟದ್ದು,” ಎಂದೆ. ಲಿಡಿಯಮ್ಮನ ನಗು ಅರ್ಧಕ್ಕೆ ನಿಂತಿತು. “ಹ್ಞೂಂ. ನಮ್ಮಲ್ಲಿ ಹುಡುಗಿಯರು ತಮ್ಮದನ್ನು ತಾವೇ ಹೇಳಿಕೊಳ್ಳುವುದು ಕಡಿಮೆ,” ಎಂದರು. ಆ ಸಂಜೆ ನಾನು ಆಡಿದ ಮಾತುಗಳಲ್ಲಿ ಅಹಂಕಾರವೆನಿಸಿದ್ದು ಅದೊಂದೇ.

ಪದಕದಿಂದ ಕೆಟ್ಟ ಮನಸ್ಸನ್ನು ಸರಿಮಾಡಿಕೊಳ್ಳಲೋ ಏನೋ, ಲಿಡಿಯಮ್ಮ ತಮ್ಮ ಚೀಲದಿಂದ ನೂಲನ್ನೂ ಕ್ರೋಶಾ ಕಡ್ಡಿಯನ್ನೂ ತೆಗೆದು ನನ್ನ ಕೈಗಿಟ್ಟರು. “ನಕ್ಷತ್ರದ ನಡುವಿನ ಆ ಸುತ್ತು ನನಗೆ ಎಷ್ಟೋ ವರ್ಷದಿಂದ ಬರುವುದಿಲ್ಲ. ಒಂದು ತೋರಿಸಿಕೊಡು ಮಗಾ.” ನಾನು ಕಡ್ಡಿಯನ್ನು ಸೀಮೆಸುಣ್ಣದಂತೆ ಹಿಡಿದೆ. ನೂಲು ಎರಡು ಗಂಟು ಬಿತ್ತು. ಮಗ ಇನ್ನೊಂದು ಚಕ್ಕುಲಿ ಮುರಿದ. ಆಗ, ಮೂಲೆಯ ಕುರ್ಚಿಯಿಂದ, ತಪ್ಪಿದ ಅಕ್ಷರವನ್ನು ಕಂಡರೆ ಸುಮ್ಮನಿರಲಾರದವರ ದನಿಯಲ್ಲಿ, ಅಪ್ಪ, “ಅಲ್ಲಿ ಒಂದು ಕೊಂಡಿ ಬಿಟ್ಟೆ ಮಗಾ,” ಎಂದರು.

ನನಗೆ ಬೇಕಾಗಿದ್ದದ್ದು ಅಷ್ಟೇ. ಎದ್ದು ಹೋಗಿ ನೂಲು, ಕಡ್ಡಿ ಎರಡನ್ನೂ ಎಲ್ಲರ ಮುಂದೆ ಅಪ್ಪನ ಕೈಗೆ ಕೊಟ್ಟೆ. “ಇವರೇ ಮಾಡಿದ್ದು. ಅಲ್ಲಿರುವ ನಕ್ಷತ್ರಗಳೆಲ್ಲ ಇವರವು. ಇವರಷ್ಟು ಚೆನ್ನಾಗಿ ಹೆಣೆಯುವವರು ಈ ಊರಿನಲ್ಲಿ ಇನ್ನೊಬ್ಬರಿಲ್ಲ,” ಎಂದೆ. ತರಗತಿಯಲ್ಲಿ ಕಷ್ಟದ ಪ್ರಮೇಯವೊಂದನ್ನು ಸಾಧಿಸಿ ಮುಗಿಸಿದಾಗ ಬರುವ ಸುಖ ಬಂದಿತ್ತು.

ಲಿಡಿಯಮ್ಮ ಅಪ್ಪನನ್ನು ನೋಡಿದರು, ಕಡ್ಡಿಯನ್ನು ನೋಡಿದರು, ಆಮೇಲೆ ನಗತೊಡಗಿದರು. ಕೆಟ್ಟ ನಗುವಲ್ಲ, ಆದರೆ ನಿಲ್ಲಲಿಲ್ಲ. “ಅಯ್ಯೋ ದೇವರೇ! ಬೆನ್ಯಾಮಿನ್, ನೀವಾ? ಗಂಡಸರು ಲೇಸು ಹೆಣೆಯುವುದಾ? ನನ್ನ ತಮ್ಮನಿಗೆ ಗೊತ್ತುಂಟಾ ಇದು?” ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗನೂ ತಾಯಿ ನಕ್ಕ ಸ್ವಲ್ಪ ಹೊತ್ತಿನ ಮೇಲೆ, ಕಛೇರಿಯ ಕೆಲಸದಂತೆ, ನಕ್ಕ. ಅಪ್ಪನ ಕಿವಿಗಳು ಕೆಂಪಾಗಿದ್ದವು. ಕಡ್ಡಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡುಬಿಟ್ಟರು. ಅದು ಲಿಡಿಯಮ್ಮನದೆಂದು ನೆನಪಾಗಿ ಮತ್ತೆ ತೆಗೆದುಕೊಟ್ಟರು. ಆಗ ಲಿಡಿಯಮ್ಮ ಇನ್ನೊಮ್ಮೆ ನಕ್ಕರು. ಹೊರಡುವಾಗ “ಮರ ಚೆನ್ನಾಗುಂಟು” ಎಂದರು. ನಮ್ಮವರಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು. ಅತ್ತೆ ನನ್ನೊಡನೆ ಮಾತಾಡದೆ ಉರ್ವದ ತಮ್ಮ ಮನೆಗೆ ಹೋದರು. ಆ ಸಂಬಂಧದ ಬಗ್ಗೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆ ನಗುವಿನ ಬಗ್ಗೆ ಇವತ್ತಿಗೂ ಮೈ ಉರಿಯುತ್ತದೆ.

ಅವರು ಹೋದ ಮೇಲೆ ಅಪ್ಪ ನೂಲಿನ ಪೆಟ್ಟಿಗೆ ತೆಗೆಯಲಿಲ್ಲ. ಅವರ ಕೈಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಬಿಸಿಯಾಗಿಯೇ ಇದ್ದೆ: ಅವರಿಗೆ ನಗಲು ಏನು ಹಕ್ಕು, ಕಲೆಗೆ ಗಂಡು ಹೆಣ್ಣೆಂದು ಉಂಟೇ, ಸತ್ಯ ಹೇಳಲು ನಾವೇಕೆ ಹೆದರಬೇಕು ಎಂದೆಲ್ಲ ಒಂದು ಉಪನ್ಯಾಸವನ್ನೇ ಕೊಟ್ಟೆ. ಅಪ್ಪ ಪೂರ್ತಿ ಕೇಳಿದರು.

“ಹೇಳಿದ್ದು ಸುಳ್ಳಲ್ಲ ಮಗಾ,” ಎಂದರು. “ಆದರೆ ಅದು ನನ್ನದಲ್ವಾ, ಹೇಳ್ಲಿಕ್ಕೆ?”

ನನ್ನ ಟ್ರಂಕು ತೆಗೆದದ್ದಕ್ಕೆ ಮಧ್ಯಾಹ್ನವಿಡೀ ಅತ್ತೆಯ ಮೇಲೆ ಉರಿದಿದ್ದವಳು ನಾನು. ಒಳಗೆ ಹೋಗಿ, ಯಾರೂ ಹೇಳದಿದ್ದರೂ ಪಾತ್ರೆ ತೊಳೆದೆ.

ಮರುದಿನ ಬೆಳಿಗ್ಗೆ, ನಾವು ಕಾಫಿ ಕುಡಿಯುತ್ತಿರುವಾಗಲೇ, ಗೇಟಿನಲ್ಲಿ ಮ್ಯಾನೇಜರು ಕಾಣಿಸಿಕೊಂಡರು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನಮ್ಮ ಮರ ನೋಡಲು ಬಂದವರಲ್ಲ. ಅಪ್ಪ ಲೋಟವನ್ನು ಇಟ್ಟು, ಹಿಂದಿನ ಬಾಗಿಲಿನಿಂದ ಬಾವಿಕಟ್ಟೆಯ ಕಡೆ ಹೋದರು. ರಜೆ ಮುಗಿದು ಪ್ರೆಸ್ಸು ತೆರೆಯುವುದು ಮಾರನೆಯ ದಿನ. ಮ್ಯಾನೇಜರು ಒಳಗೆ ಬಂದು, ಕೂರದೆ, ಮರದ ಮುಂದೆ ಕೈಕಟ್ಟಿ ನಿಂತರು. ಮೀಸೆಯ ಅಡಿಯಲ್ಲಿ ಹೊಸ ಹೆಸರೊಂದು ಆಗಲೇ ತಯಾರಾಗುತ್ತಿರುವುದು ಕಾಣುತ್ತಿತ್ತು.

“ನಿನ್ನೆ ಅಕ್ಕ ಬಂದು ಎಂತೆಂತದೋ ಹೇಳಿದಳು. ನಮ್ಮ ಬೆನ್ಯಾಮಿನ್ ಲೇಸು ಹೆಣೀತಾರಂತೆ, ಹೌದಾ?”

“ಅಪ್ಪನಾ?” ಎಂದು ನಾನು ನಕ್ಕೆ. ಲಿಡಿಯಮ್ಮ ನಕ್ಕಂತೆಯೇ ನಕ್ಕಿರಬೇಕು. “ಅದು ನಾನು ತಮಾಷೆಗೆ ಹೇಳಿದ್ದು ಸರ್. ಅವರು ಹೊಗಳಿದ್ದಕ್ಕೆ ನಾಚಿಕೆಯಾಯಿತು, ಅಪ್ಪನ ಮೇಲೆ ಹಾಕಿದೆ. ಎಲ್ಲ ನಾನೇ ಮಾಡಿದ್ದು.”

ಹಿಂದಿನ ಸಂಜೆ ಮೂರು ಸಲ ಸತ್ಯ ಹೇಳಿದರೂ ಯಾರೂ ನಂಬಿರಲಿಲ್ಲ. ಮ್ಯಾನೇಜರು ಇದನ್ನು ಒಂದೇ ಸಲಕ್ಕೆ ನಂಬಿದರು. “ಅದನ್ನೇ ನಾನು ಅಕ್ಕನಿಗೆ ಹೇಳಿದ್ದು, ಗಂಡಸಿನ ಕೈಗೆ ಇದು ಬರುವ ಕೆಲಸವಾ ಅಂತ!” ಅವರ ಮುಖದಲ್ಲಿ ಸ್ವಲ್ಪ ನಿರಾಸೆಯೂ ಇತ್ತು. ಹೋಗುವ ಮೊದಲು, ತಮ್ಮ ಮನೆಯವರ ಮೇಜಿಗೆ ಇಂಥದ್ದೇ ನಾಲ್ಕು ಬೇಕಿತ್ತು, ಹೊಸ ವರ್ಷದೊಳಗೆ ಆದೀತೇ ಎಂದು ಕೇಳಿದರು.

“ಆಗ್ತದೆ ಸರ್, ಎಂತ ದೊಡ್ಡ ಕೆಲಸ,” ಎಂದೆ.

ಗೇಟು ಮುಚ್ಚಿದ ಸದ್ದು ಕೇಳಿದ ಮೇಲೆ ನೂಲಿನ ಪೆಟ್ಟಿಗೆಯನ್ನು ಎತ್ತಿಕೊಂಡು ಬಾವಿಕಟ್ಟೆಗೆ ಹೋದೆ. ಅಪ್ಪನ ಪಕ್ಕದಲ್ಲಿ ಅದನ್ನಿಟ್ಟು, ನಾನು ನಾಲ್ಕು ನಕ್ಷತ್ರಗಳನ್ನು ಒಪ್ಪಿಕೊಂಡಿದ್ದೇನೆಂದೂ, ಸ್ವಲ್ಪ ಬೇಗ ಆಗಬೇಕೆಂದೂ ಹೇಳಿದೆ.