ಕೌದಿ ಹೊದ್ದ ಗಾಡಿ

ಬೆಳಿಗ್ಗೆ ಏಳು ಗಂಟೆಗೆ ಕಂಪ್ಲಿಯಿಂದ ಮಾವನ ಫೋನು ಬಂದಾಗ ಶಂಭುಲಿಂಗ ಹಲ್ಲುಜ್ಜುತ್ತಿದ್ದ.

"ಅಳಿಯಂದ್ರ, ಹನ್ನೆರಡಕ್ಕ ಹೊಸಪೇಟಿ ಬಸ್‌ಸ್ಟ್ಯಾಂಡಿನಾಗ ಇಳೀತೀನಿ. ಗಾಡಿ ತಗೊಂಡು ಬರ್ರಿ. ಮೂರು ತಿಂಗಳಾತು, ಹೆಂಗ ಇಟ್ಕೊಂಡೀರಿ ಅಂತ ನೋಡೇಬಿಡ್ತೀನಿ," ಎಂದು ದೊಡ್ಡಬಸಪ್ಪನವರು ಫೋನಿಟ್ಟರು. ಶಂಭುಲಿಂಗ ಬಾಯಲ್ಲಿದ್ದ ಪೇಸ್ಟನ್ನು ಉಗುಳುವ ಬದಲು ನುಂಗಿಬಿಟ್ಟ.

ಗಾಡಿ ಎಂದರೆ ಬ್ಯಾಟರಿ ಸ್ಕೂಟರು. ಪೆಟ್ರೋಲು ಬೇಡ, ಲೈಸೆನ್ಸು ಬೇಡ, ಸದ್ದು ಮೊದಲೇ ಇಲ್ಲ. ಬಣ್ಣ ಮುತ್ತಿನ ಬಿಳುಪು. ಅದಿರು ಲಾರಿಗಳ ಕಾಲದಲ್ಲಿ ಹೊಸಪೇಟೆಯ ಗಿಡ, ಗೋಡೆ, ನಾಯಿ, ಮನುಷ್ಯ ಎಲ್ಲವೂ ಕೆಂಪಾಗಿರುವಾಗ ಬಿಳಿ ಗಾಡಿ ಆರಿಸಿದವರು ಮಾವನವರೇ. ಮದುವೆಯಲ್ಲಿ ಕೊಟ್ಟ ಬೈಕನ್ನು ಅಳಿಯ ಒಂದೇ ವರ್ಷದಲ್ಲಿ ಗುಜರಿಗೆ ಹಾಕುವಂತೆ ಮಾಡಿದ್ದು ಅವರಿಗೆ ಮರೆತಿರಲಿಲ್ಲ. ಈ ಗಾಡಿ ಕೊಡುವಾಗ ಬೀಗರೆಲ್ಲರ ಎದುರಿಗೇ ಹೇಳಿದ್ದರು: "ಇದರ ಮೈಮ್ಯಾಲ ಒಂದು ಗೀರು ಕಂಡಿತಂದ್ರ, ಮರುದಿನಾನ ಗಾಡಿ ಸಂಡೂರಿನ ಸಣ್ಣ ಅಳಿಯನ ಮನಿ ಬಾಗಿಲಾಗ ಇರ್ತೈತಿ."

ಗಾಡಿ ಹೋದರೂ ಶಂಭುಲಿಂಗ ತಡೆದುಕೊಂಡಾನು. ಸಣ್ಣ ಅಳಿಯ ಬಸವಕುಮಾರ ಅದರ ಮೇಲೆ ಕುಳಿತು ನಗುವುದನ್ನು ಮಾತ್ರ ಅವನಿಂದ ನೋಡಲಾಗದು. ಆದ್ದರಿಂದ ಅವನು ಗೀರು ಬೀಳದ ಒಂದೇ ಖಾತ್ರಿ ದಾರಿ ಹಿಡಿದಿದ್ದ. ಗಾಡಿಯನ್ನು ಓಡಿಸುವುದನ್ನೇ ಬಿಟ್ಟಿದ್ದ. ಷೋರೂಮಿನಿಂದ ಮನೆಗೆ ಒಮ್ಮೆ, ಮನೆಯಿಂದ ಪೂಜೆಗೆ ಒಮ್ಮೆ, ಅಷ್ಟೆ. ಆಮೇಲೆ ಸೀಟಿನ ಪ್ಲಾಸ್ಟಿಕ್ಕಿನ ಮೇಲೆ ಹೆಂಡತಿಯ ಹಳೇ ಸೀರೆ, ಅದರ ಮೇಲೆ ಕೌದಿ, ಅದರ ಮೇಲೆ ತಾಡಪತ್ರಿ. ಬಿಸಿಲಿಗೆ ಬಣ್ಣ ಹೋದೀತೆಂದು ಮೀಟರಿನ ಗಾಜಿಗೂ ಕಾಗದ ಅಂಟಿಸಿದ್ದ. ಮೈನಿಂಗ್ ಕಂಪನಿಯ ಕ್ಲಾರ್ಕಾದ ಅವನು ದಿನಾ ಎಂಟೂವರೆಗೆ ಕಂಪನಿ ಬಸ್ಸಿನಲ್ಲೇ ಸಂಡೂರು ಕಡೆ ಹೋಗುತ್ತಿದ್ದ. ಸಂಜೆ ಬಂದವನೇ ಹೊದಿಕೆಯ ಸಂದಿಯಲ್ಲಿ ಕೈ ತೂರಿಸಿ ಚಾರ್ಜಿಗೆ ಹಾಕುತ್ತಿದ್ದ. ನಿಂತ ಗಾಡಿಯ ಬ್ಯಾಟರಿ ದಿನಾ ಯಾಕೆ ಇಳಿಯುತ್ತದೆಂದು ಒಮ್ಮೆ ಯೋಚನೆ ಬಂದಿತ್ತು. ಬಳ್ಳಾರಿ ಬಿಸಿಲಿಗೆ ಕರೆಂಟೂ ಆವಿಯಾಗುತ್ತದೆಂದು ತಾನೇ ಸಮಾಧಾನ ಹೇಳಿಕೊಂಡಿದ್ದ.

"ಅಪ್ಪಾರನ್ನ ನಾನಾ ಹೋಗಿ ಕರ್ಕೊಂಡು ಬರ್ಲೇನ್ರೀ?" ಎಂದು ಹೆಂಡತಿ ಸುನಿತಾ ಒಲೆಯ ಮುಂದಿನಿಂದ ಕೇಳಿದಳು.

"ಗಾಡಿ ಮ್ಯಾಲೆ? ನೀನು?" ಶಂಭುಲಿಂಗನಿಗೆ ಆ ಗಾಬರಿಯಲ್ಲೂ ನಗು ಬಂತು. "ಅದು ರೊಟ್ಟಿ ಬಡಿದಂಗಲ್ಲ, ಸುಮ್ನ ಅಡಗಿ ನೋಡು."

ಸುನಿತಾ ಸುಮ್ಮನೆ ಅಡಿಗೆ ನೋಡಿದಳು.

ಆಫೀಸಿಗೆ ರಜೆ ಹೇಳಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಶಂಭುಲಿಂಗ ಅಂಗಳದಲ್ಲಿ ಒಂದೊಂದೇ ಹೊದಿಕೆ ತೆಗೆಯತೊಡಗಿದ. ಚಿತ್ತವಾಡ್ಗಿಯ ಆ ಓಣಿಯಲ್ಲಿ ಯಾರೂ ಏನನ್ನೂ ಒಬ್ಬರೇ ಮಾಡುವಂತಿಲ್ಲ. ಕೌದಿ ತೆಗೆಯುವಷ್ಟರಲ್ಲಿ ಪಕ್ಕದ ಮನೆಯ ಚೆನ್ನಬಸಮ್ಮ ಎಣ್ಣೆ ಬಟ್ಟಲು ಹಿಡಿದು ಬಂದಾಗಿತ್ತು.

"ಹಂಗಾ ಒಣಮೈಲೆ ಹೊಂಡ್ತೀಯೇನೋ ತಮ್ಮಾ? ಕೊಬ್ಬರಿ ಎಣ್ಣಿ ಹಚ್ಚು. ಎಣ್ಣಿ ಹಚ್ಚಿದ ಮೈಗೆ ಗೀರು ಬೀಳಂಗಿಲ್ಲ. ಆರು ಮಕ್ಕಳನ್ನ ಬೆಳೆಸೀನಿ, ನನಗೊತ್ತೈತಿ."

ಬೇಡವೆನ್ನುವಷ್ಟರಲ್ಲಿ ಆಕೆ ಅರ್ಧ ಬಟ್ಟಲು ಸುರಿದು ಹಿಂದೆ ಮುಂದೆ ತಿಕ್ಕಿಯೂ ಆಗಿತ್ತು. ಗಾಡಿ ಎಣ್ಣೆಸ್ನಾನಕ್ಕೆ ಕುಳಿತ ಕೂಸಿನಂತೆ ಹೊಳೆಯಿತು. ಶಂಭುಲಿಂಗನಿಗೂ ಅದು ಚಂದವೇ ಕಂಡಿತು.

ಎದುರುಮನೆಯ ಓಬಳೇಶ ಅದಿರು ಲಾರಿಯ ಡ್ರೈವರು. ಅವನು ತನ್ನ ಲಾರಿಯ ಹಿಂದೆ ದೃಷ್ಟಿಗೆಂದು ಕಟ್ಟಿದ್ದ ಹಳೇ ಚಪ್ಪಲಿಗಳಲ್ಲಿ ಒಂದನ್ನು ಬಿಚ್ಚಿಕೊಂಡು ಬಂದ.

"ಶಂಭಣ್ಣ, ಇಷ್ಟು ಬೆಳ್ಳಗ ಹೊಳೀತೈತಿ, ಊರ ಕಣ್ಣೆಲ್ಲ ಇದರ ಮ್ಯಾಲ ಬೀಳ್ತೈತಿ. ಇದನ್ನ ಕಟ್ಕೋ. ಎಂಟು ವರ್ಷ ಆತು, ನನ್ನ ಲಾರಿಗೆ ಏನೂ ಆಗಿಲ್ಲ."

ಓಬಳೇಶನ ಲಾರಿಗೆ ಮುಂದಿನ ಒಂದು ದೀಪವಿರಲಿಲ್ಲ, ಬಾಗಿಲಿಗೆ ಹಗ್ಗ ಕಟ್ಟಿತ್ತು. ಆದರೂ ಮಾವ ಬರುವ ದಿನ ದೃಷ್ಟಿಯ ಮಾತನ್ನು ತೆಗೆದುಹಾಕುವ ಧೈರ್ಯ ಶಂಭುಲಿಂಗನಿಗಾಗಲಿಲ್ಲ. ಚಪ್ಪಲಿಯ ಅಡಿಗೆ ಮೊಳೆಗಳಿದ್ದವು. ಅದಕ್ಕೆ ತನ್ನ ಕರ್ಚೀಪು ಸುತ್ತಿ, ಹಿಂದಿನ ದೀಪದ ಕೆಳಗೆ ತೂಗುಬಿಟ್ಟು, ಶಿವಾ ಎಂದು ಹೊರಟ.

ದೊಡ್ಡ ರಸ್ತೆಗೆ ಬಂದದ್ದೇ ಲಾರಿಗಳ ಸಾಲು ಸಿಕ್ಕಿತು. ಮುಂದೆ ಇಪ್ಪತ್ತು, ಹಿಂದೆ ಇಪ್ಪತ್ತು, ನಡುವೆ ಶಂಭುಲಿಂಗ. ಅವು ಒಮ್ಮೆಲೇ ಹೊರಟಾಗ ಎದ್ದ ಧೂಳಿನಲ್ಲಿ ಅವನಿಗೆ ತನ್ನ ಕೈಯೇ ಕಾಣಲಿಲ್ಲ. ಧೂಳು ಕರಗಿದ ಮೇಲೆ ನೋಡಿದರೆ ಗಾಡಿಯೂ ಕಾಣಲಿಲ್ಲ. ಅವನು ಕುಳಿತಿದ್ದದ್ದು ಯಾವುದೋ ಕೆಂಪು ವಸ್ತುವಿನ ಮೇಲೆ. ಚೆನ್ನಬಸಮ್ಮನ ಎಣ್ಣೆ ಸಂಡೂರಿನ ಅರ್ಧ ಗುಡ್ಡವನ್ನು ಹಿಡಿದುಕೊಂಡಿತ್ತು.

ಒರೆಸೋಣವೆಂದು ಕೈ ಎತ್ತಿದವನು ಅಲ್ಲೇ ನಿಲ್ಲಿಸಿದ. ಅದಿರಿನ ಪುಡಿಯನ್ನು ತಿಕ್ಕಿದರೆ ಬಣ್ಣವನ್ನೂ ಕೆರೆದುಕೊಂಡೇ ಬರುತ್ತದೆ. ಕಂಪನಿಯಲ್ಲಿದ್ದವನಿಗೆ ಅಷ್ಟೂ ಗೊತ್ತಿಲ್ಲವೇ? ಸುರಿಯುವ ನೀರೇ ಬೇಕು. ಹನ್ನೊಂದು ಗಂಟೆಯಾಗಿತ್ತು. ಗಾಡಿಯನ್ನು ಹಂಪಿ ರಸ್ತೆಯ ಕಾಲುವೆಗೆ ತಿರುಗಿಸಿದ.

ಕಾಲುವೆಯಲ್ಲಿ ಕರೆಮ್ಮ ಎಂಬಾಕೆ ಎಮ್ಮೆ ತೊಳೆಯುತ್ತಿದ್ದಳು. ಶಂಭುಲಿಂಗ ಗಾಡಿಯನ್ನು ಮೆಟ್ಟಿಲ ಬಳಿ ನಿಲ್ಲಿಸಿ, ಆಕೆಯ ಕೊಡವನ್ನೂ ಸೋಪಿನ ತುಂಡನ್ನೂ ಬೇಡಿ ಪಡೆದು, ಕೈ ತಾಗಿಸದೆ ನೀರು ಹೊಯ್ಯತೊಡಗಿದ. ಇಪ್ಪತ್ತು ಕೊಡ ಆದ ಮೇಲೆ ಬಿಳುಪು ಇಣುಕಿತು.

"ಈ ಗಾಡಿ ನೋಡೀನ್ರೀ ನಾನು," ಎಂದಳು ಕರೆಮ್ಮ. "ದಿನಾ ಇದ ರಸ್ತಿಗೆ ಹೊಕ್ಕೈತಲ್ಲ?"

"ಅದು ಬ್ಯಾರೆ ಯಾರದೋ ಇರಬೇಕವ್ವ. ನನ್ನ ಗಾಡಿ ಮನಿ ಬಿಟ್ಟು ಹೊರಗ ಬರಂಗಿಲ್ಲ," ಎಂದು ಶಂಭುಲಿಂಗ ಹೆಮ್ಮೆಯಿಂದ ಹೇಳಿದ.

ಅಷ್ಟರಲ್ಲಿ ತೊಳೆಸಿಕೊಂಡ ಎಮ್ಮೆಗೆ ಬೆನ್ನು ತುರಿಸಿತು. ಸುತ್ತ ನೋಡಿತು. ಮರ ದೂರವಿತ್ತು, ಗಾಡಿ ಹತ್ತಿರವಿತ್ತು. ನಿಧಾನವಾಗಿ ಅತ್ತ ವಾಲಿತು.

"ಏ! ಏ! ಬ್ಯಾಡ!" ಎಂದು ಕೂಗುತ್ತಾ ಶಂಭುಲಿಂಗ ಎಮ್ಮೆಗೂ ಗಾಡಿಗೂ ನಡುವೆ ಹಾರಿ, ಎರಡೂ ಕೈ ಚಾಚಿ ನಿಂತ. ಎಮ್ಮೆಗೆ ಮರವಾದರೇನು, ಗುಮಾಸ್ತನಾದರೇನು? ತುರಿಕೆ ಹೋಗುವವರೆಗೂ ಅವನಿಗೇ ಮೈ ತಿಕ್ಕಿತು. ಅಂಗಿಯ ಎರಡು ಗುಂಡಿ ಹೋದವು, ಬೆನ್ನು ಕೆಸರಾಯಿತು, ಸೊಂಟ ಯಾವ ಕಡೆ ಇದೆಯೋ ತಿಳಿಯದಾಯಿತು.

"ಬಾಲ ಹಿಡಿದು ಜಗ್ಗಬಾರದೇನವ್ವ!" ಎಂದು ಅವನು ಚೀರಿದ.

"ಅದಕ್ಕ ಸಿಟ್ಟು ಬರ್ತೈತ್ರಿ. ಈಗ ಮುಗೀತು ತಡೀರಿ," ಎಂದಳು ಕರೆಮ್ಮ.

ಹನ್ನೆರಡೂ ಹತ್ತಕ್ಕೆ ಬಸ್‌ಸ್ಟ್ಯಾಂಡಿನ ಮುಂದೆ ಮುತ್ತಿನಂಥ ಗಾಡಿ ಬಂದು ನಿಂತಿತು. ಅದರ ಮೇಲಿದ್ದವನನ್ನು ದೊಡ್ಡಬಸಪ್ಪನವರು ಮೊದಲಿಗೆ ಗುರುತಿಸಲಿಲ್ಲ.

"ಲೇ, ಯಾರದೋ ಅದು? ನನ್ನ ಅಳಿಯನ ಗಾಡಿ ಮ್ಯಾಲೆ ಕುಂತೀಯಲ್ಲ, ಇಳಿ!"

"ನಾನಾ ಮಾವಾರ," ಎಂದ ಶಂಭುಲಿಂಗ.

ಅವರು ಕನ್ನಡಕ ಏರಿಸಿ ಪರೀಕ್ಷೆಗೆ ಇಳಿದರು. ಮುಂಭಾಗ ನೋಡಿದರು, ಎಡಬಲ ನೋಡಿದರು, ಬಗ್ಗಿ ಕಾಲಿಡುವ ಜಾಗವನ್ನೂ ನೋಡಿದರು. ಹಿಂದೆ ಚಪ್ಪಲಿ ತೂಗುವುದನ್ನು ಕಂಡು, ದೃಷ್ಟಿಗೆ ಕಟ್ಟಿದ್ದು ಒಳ್ಳೆಯದಾಯಿತೆಂದರು. ಗೀರಿಲ್ಲ. ಮುಖದಲ್ಲಿ ಸಂತೋಷಕ್ಕಿಂತ ಅನುಮಾನವೇ ಹೆಚ್ಚಾಯಿತು.

"ಓಡಿಸೀರೋ, ಇಲ್ಲ ಪೂಜಿ ಮಾಡಿ ಕಟ್ಟಿ ಹಾಕೀರೋ? ಉಪಯೋಗಿಸದ ಇದ್ರ ಗಾಡಿ ಯಾಕ ಬೇಕು ನಿಮಗ? ಸಣ್ಣ ಅಳಿಯ ಕೇಳಾಕತ್ತಾನ," ಎಂದು ಮೀಟರಿನ ಮೇಲಿನ ಕಾಗದವನ್ನು ಚರ್ರನೆ ಕಿತ್ತರು.

ಶಂಭುಲಿಂಗ ಕಣ್ಣು ಮುಚ್ಚಿದ. ಮೀಟರು ಮೂವತ್ತಕ್ಕಿಂತ ಹೆಚ್ಚು ಕಿಲೋಮೀಟರು ತೋರಿಸುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಇಷ್ಟು ಕಾಪಾಡಿದ್ದೇ ತಪ್ಪಾಯಿತೇ?

"ಭಲೇ!" ಎಂದು ಮಾವ ಅವನ ಬೆನ್ನಿಗೆ ಗುದ್ದಿದರು. "ಸಾವಿರದ ಎಂಟ್ನೂರಾ ಮೂವತ್ತು ಕಿಲೋಮೀಟರ್! ಇಷ್ಟು ಓಡಿಸಿ ಒಂದು ಗೀರಿಲ್ಲ! ತಪ್ಪು ತಿಳಿದಿದ್ದೆ ನಿಮ್ಮನ್ನ."

ಶಂಭುಲಿಂಗ ಕಣ್ಣು ತೆರೆದು ಮೀಟರು ನೋಡಿದ. ಒಂದು, ಎಂಟು, ಮೂರು, ಸೊನ್ನೆ. ಮಾವನನ್ನು ಹಿಂದೆ ಕೂರಿಸಿಕೊಂಡ. ಮನೆಯವರೆಗೂ ಆ ನಾಲ್ಕು ಅಂಕಿಗಳನ್ನೇ ಎಣಿಸುತ್ತಾ ಬಂದ.

ಮಾವ ಜಗಲಿಯಲ್ಲಿ ಕಾಲು ತೊಳೆಯುತ್ತಿದ್ದಾಗ ಅವನು ಅಡಿಗೆ ಮನೆಗೆ ನುಗ್ಗಿದ. ಕೇಳುವ ಮೊದಲೇ ಸುನಿತಾ ಹೇಳಿದಳು.

"ಹಂಪಿ ರಸ್ತಿ ಕಡ್ಡಿರಾಂಪುರದಾಗ ಹೆಣ್ಮಕ್ಕಳಿಗೆ ಹೊಲಿಗಿ ಕಲಿಸಾಕ ಹೋಗ್ತೀನ್ರೀ. ನಿಮ್ಮ ಬಸ್ಸು ಹೋತಂದ್ರ ಹೊಂಡ್ತೀನಿ, ನಾಕಕ್ಕ ಬಂದು ತೊಳದು, ನೀವು ಹೊದಿಸಿದಂಗ ಹೊದಿಸಿ ಇಡ್ತೀನಿ. ಕೇಳಿದ್ರ ಗೀರು ಬೀಳ್ತೈತಿ ಅಂತ ಬ್ಯಾಡ ಅಂತಿದ್ರಿ."

"ಮೂರು ತಿಂಗಳು! ಓಣ್ಯಾಗ ಯಾರೂ ನೋಡಲಿಲ್ಲೇನು?"

"ಎಲ್ಲಾರಿಗೂ ಗೊತ್ತೈತಿ. ಚೆನ್ನಬಸಮ್ಮಾರು ಹಿಂದ ಕುಂತು ಎರಡು ಸಲ ಹಂಪಿಗೆ ಹೋಗಿ ಬಂದಾರ."

ಸಿಟ್ಟು ಬಂತು, ನಾಚಿಕೆಯೂ ಬಂತು. ಎರಡರಲ್ಲಿ ಯಾವುದನ್ನು ತೋರಿಸಬೇಕೆಂದು ತಿಳಿಯದೆ, "ಗೀರು ಬಿದ್ದಿದ್ರ ಏನು ಮಾಡ್ತಿದ್ದಿ?" ಎಂದ.

ಗಾಡಿ ಅಂಗಳಕ್ಕೆ ಬಂದಾಗಲೇ ಎಲ್ಲ ನೋಡಿದ್ದ ಸುನಿತಾ ಅವನನ್ನು ಹಿತ್ತಲ ಬಾಗಿಲಿನಿಂದ ಗಾಡಿಯ ಹಿಂದಕ್ಕೆ ಕರೆದೊಯ್ದು, ಚಪ್ಪಲಿಯನ್ನು ಎತ್ತಿ ತೋರಿಸಿದಳು. ಕರ್ಚೀಪು ಎಲ್ಲೋ ಬಿದ್ದುಹೋಗಿತ್ತು. ಮೊಳೆಗಳು ದಾರಿಯುದ್ದಕ್ಕೂ ಕೆರೆದು, ಬಿಳುಪಿನ ಮೇಲೆ ಗೇಣುದ್ದದ ಗೀರೆಳೆದಿದ್ದವು.

"ಸಾವಿರದ ಎಂಟ್ನೂರು ನಾನು ಓಡಿಸಿದ್ದು. ಉಳಿದ ಮೂವತ್ತೂ ಈ ಗೀರೂ ನಿಮ್ದು," ಎಂದಳು ಮೆಲ್ಲಗೆ.

ಅವನು ಚಪ್ಪಲಿಯನ್ನು ಗೀರಿನ ಮೇಲೆ ಮೊದಲಿನಂತೆ ಇಳಿಬಿಟ್ಟ. ಅಷ್ಟರಲ್ಲಿ ಜಗಲಿಯಿಂದ ಮಾವನ ಕೂಗು.

"ಅಳಿಯಂದ್ರ! ಇಷ್ಟು ಚಂದ ಓಡಿಸ್ತೀರಿ ಅಂದಮ್ಯಾಲ ನನ್ನ ಮಗಳಿಗೂ ಕಲಿಸ್ರಿ. ಈಗ, ನನ್ನ ಕಣ್ಣೆದುರಿಗೆ."

ಓಣಿಯೆಲ್ಲ ಬಾಗಿಲಿಗೆ ಬಂದು ನಿಂತಿತು. ಚೆನ್ನಬಸಮ್ಮ ಸೆರಗನ್ನು ಬಾಯಿಗಿಟ್ಟುಕೊಂಡಿದ್ದಳು. ಸುನಿತಾ ಏನೂ ಅರಿಯದವಳಂತೆ, "ಎಲ್ಲಿ ತಿರುವಬೇಕ್ರೀ?" ಎಂದು ಕೇಳಿದಳು. ಶಂಭುಲಿಂಗ ತೋರಿಸಿ, ಸೀಟಿನ ಹಿಂಬದಿ ಹಿಡಿದು, ನೋಯುವ ಸೊಂಟದಲ್ಲೇ ಓಡಿದ. ಹತ್ತು ಹೆಜ್ಜೆಗೆ ಗಾಡಿ ಕೈಬಿಟ್ಟು ಮುಂದೆ ಹೋಯಿತು. ಓಣಿಯ ತುದಿಯಲ್ಲಿ ಓಬಳೇಶನ ಲಾರಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನುಸುಳಿ, ತಿರುಗಿ, ದೊಡ್ಡಬಸಪ್ಪನವರ ಕಾಲ ಮುಂದೆ ಸದ್ದಿಲ್ಲದೆ ಬಂದು ನಿಂತಿತು.

ಸುನಿತಾ ಇಳಿದು, ಹಿಂದೆ ಹೋಗಿ ನೋಡಿ, ಹಣೆ ಬಡಿದುಕೊಂಡಳು. "ಅಯ್ಯ ಅಪ್ಪಾ, ಆ ಲಾರಿ ಸಂದ್ಯಾಗ ಗೀರು ಬಿತ್ತು ನೋಡು!"

ಮಾವ ಗೀರಿನ ಮೇಲೆ ಬೆರಳಾಡಿಸಿದರು.

"ಇರಲಿ ಬಿಡವ್ವ. ಕಲಿಯೋರ ಕೈಯಾಗ ಇಷ್ಟೂ ಆಗದಿದ್ರ ಹೆಂಗ? ಎಂಥಾ ಮಾಸ್ತರಪ್ಪ ನಮ್ಮ ಅಳಿಯ! ಒಂದ ಸುತ್ತಿನಾಗ ಕಲಿಸಿಬಿಟ್ಟ." ಕೀಲಿಯನ್ನು ಮಗಳ ಕೈಗಿಟ್ಟು ಅವರು ಶಂಭುಲಿಂಗನ ಕಡೆ ತಿರುಗಿದರು. "ಇನ್ನು ಗಾಡಿ ಅಕಿಗಿರಲಿ. ನಿಮಗ ಹ್ಯಾಂಗೂ ಕಂಪನಿ ಬಸ್ಸೈತಲ್ಲ?"

"ಐತ್ರಿ, ಮಾವಾರ," ಎಂದ ಶಂಭುಲಿಂಗ.

ಮರುದಿನ ಬೆಳಿಗ್ಗೆ ಅವನು ಕಂಪನಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಬಿಳಿ ಗಾಡಿಯೊಂದು ಸದ್ದಿಲ್ಲದೆ ಪಕ್ಕಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಚೆನ್ನಬಸಮ್ಮ ಕುಳಿತಿದ್ದಳು.

"ತಮ್ಮಾ, ಕೌದಿ ಅಂಗಳದಾಗ ಬಿದ್ದೈತಿ. ಇವತ್ತು ನಾವು ಹಂಪಿ ನೋಡ್ಕೊಂಡು ತಡಾ ಆಗಿ ಬರ್ತೀವಿ, ಅಷ್ಟರಾಗ ಝಾಡಿಸಿ ಇಟ್ಟಿರು," ಎಂದಳು ಆಕೆ. ಗಾಡಿ ಕಡ್ಡಿರಾಂಪುರದ ಕಡೆ ಹೊರಟುಹೋಯಿತು.