ಭಾಲ್ಕಿಯ ಮಾಜಿ ಬೇಳೆ ಗಿರಣಿ

ಭಾಲ್ಕಿಯ ರೈಲ್ವೆ ಸ್ಟೇಶನ್ ಹತ್ತಿರದ ಅಮೀರ ಪಾಶಾ ಅವರ ಬೇಳೆ ಗಿರಣಿಯನ್ನು ಸಂಸ್ಕೃತಿಯ ಮೂಲಕ ಉದ್ಧಾರ ಮಾಡಲು ಪುನರುಜ್ಜೀವನ ಉಪಸಮಿತಿಯು ಸರ್ವಾನುಮತದಿಂದ ತೀರ್ಮಾನಿಸಿತು. ಉಪಸಮಿತಿಯಲ್ಲಿ ನಾನೊಬ್ಬನೇ ಇದ್ದುದರಿಂದ ಭಿನ್ನಾಭಿಪ್ರಾಯ ಬರಲಿಲ್ಲ. ನಾನು ಕವಿಯೂ ಹೌದು. ಊರಿನಲ್ಲಿ ನನ್ನ ಕವಿತೆಗಳಿಗೆ ವೇದಿಕೆಯೇ ಇಲ್ಲವೆಂಬ ಕೊರಗು ಈ ತೀರ್ಮಾನದ ಮೇಲೆ ಯಾವ ಪ್ರಭಾವವನ್ನೂ ಬೀರಿಲ್ಲವೆಂದು ನಾನೇ ದೃಢೀಕರಿಸಿದ್ದೇನೆ.

ಒಂದೇ ತೊಡಕಿತ್ತು. ಸರ್ಕಾರದ ಅನುದಾನವಿದ್ದದ್ದು ಮುಚ್ಚಿಹೋದ ಕಾರ್ಖಾನೆಗಳಿಗೆ ಮಾತ್ರ. ಈ ಗಿರಣಿ ಚೆನ್ನಾಗಿ ನಡೆಯುತ್ತಿತ್ತು.

“ಬಂದ್ ಮಾಡ್ರಿ ಪಾಶಾ ಅವ್ರೇ. ಬಂದ್ ಆದ್ರೇ ಉದ್ಧಾರ ಆಗ್ತದ,” ಎಂದೆ.

“ಕಾಶೀರಾಮ ಸರ್, ಇದರ ಮ್ಯಾಲೇ ನನ್ನ ಮನಿ ನಡೀಲತ್ತದರಿ. ನಾ ಏನಾಗ್ಲಿ?”

“ನೀವು ಪರಂಪರೆ ಆಗ್ತೀರಿ.”

“ಪರಂಪರೆಗಿ ಊಟ ಯಾರು ಹಾಕ್ತಾರ್ರಿ?”

ಈ ಪ್ರಶ್ನೆ ಕಾರ್ಯಸೂಚಿಯಲ್ಲಿ ಇರಲಿಲ್ಲ. ಗಿರಣಿಗೆ ಬೀಗ ಬಿತ್ತು. ಯಂತ್ರಕ್ಕೆ ಬಣ್ಣ ಬಳಿದು, ಮುಂದೆ ವೇದಿಕೆ ಕಟ್ಟಿ, ಗಿರಣಿಯನ್ನು ಸಭಾಂಗಣ ಮಾಡಿ, ನಾನು ಕವಿತೆ ಓದಿದೆ. ಕಾವಲುಗಾರ ದಸ್ತಗೀರ ಒಬ್ಬನೇ ಕೊನೆಯವರೆಗೂ ಕೇಳಿದ. ಬೀಗದ ಕೈ ಅವನ ಹತ್ತಿರವಿತ್ತು.

ಸಭಾಂಗಣ ತುಂಬದಿದ್ದರೆ ಅನುದಾನ ವಾಪಸ್ ಎಂದು ಮೇಲಿನಿಂದ ಸೂಚನೆ ಬಂತು. ತಲೆ ಕೆಟ್ಟು ಹೊರಗೆ ಬಂದರೆ, ಅನುಸೂಯಾಬಾಯಿ ಮತ್ತು ಓಣಿಯ ಹೆಂಗಸರು ತೊಗರಿ ಚೀಲ ಇಟ್ಟುಕೊಂಡು ಬಾಗಿಲ ಮುಂದೆ ನಿಂತಿದ್ದರು. ಎದುರಿನ ಚಹಾದಂಗಡಿಯಲ್ಲಿ ಕುಳಿತ ಅಮೀರ ಪಾಶಾ, “ಬೀದರಿಗಿ ಹೋಗ್ರವ್ವಾ,” ಎನ್ನುತ್ತಿದ್ದರು. ಅವರ ಮುಖ ನೋಡಿ ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಪ್ರೇಕ್ಷಕರನ್ನು ಒಟ್ಟಿಗೆ ನೋಡಿ ಸಂತೋಷವಾಯಿತು.

ಕೂಡಲೇ ಪ್ರಕಟಣೆ ಹೊರಡಿಸಿದೆ: ‘ಗಿರಣಿಯು ಮುಚ್ಚಿಯೇ ಇರತಕ್ಕದ್ದು. ಅದರೊಳಗೆ ಪ್ರತಿದಿನ ಶ್ರಮದ ಅಭಿನಯ ನಡೆಯತಕ್ಕದ್ದು. ಅಮೀರ ಪಾಶಾ ಅವರ ಪಾತ್ರದಲ್ಲಿ ಶ್ರೀ ಅಮೀರ ಪಾಶಾ. ತೊಗರಿ ತಂದವರೆಲ್ಲರೂ ಪ್ರೇಕ್ಷಕರು. ಬೇಳೆ ಕೈಗೆ ಬರುವವರೆಗೆ ಕವಿತೆ ಕೇಳತಕ್ಕದ್ದು.’

“ಅಂದ್ರ ಮದ್ಲಿನ ಕೆಲಸಾನೇ ಮಾಡ್ಲೇನ್ರಿ?” ಅಮೀರ ಪಾಶಾ ಕೇಳಿದರು.

“ಹೌದು. ಆದ್ರ ಕಲಾ ಅಂತ ತಿಳ್ಕೊಂಡು ಮಾಡ್ರಿ.”

“ಏನರೆ ಅನ್ರಿ ಸಾಹೇಬ್ರೆ, ಮಷೀನ್ ಚಾಲೂ ಆದ್ರ ಸಾಕು.” ಅವರ ಕಣ್ಣು ಒದ್ದೆಯಾಗಿತ್ತು.

ಮರುದಿನ ಕಾಲಿಡಲು ಜಾಗವಿರಲಿಲ್ಲ. ಯಂತ್ರ ಗಡಗಡ ಓಡುತ್ತಿತ್ತು. ನಾನು ವೇದಿಕೆ ಹತ್ತಿದ್ದೇ ತಡ, ಅಮೀರ ಪಾಶಾ ಸಾಹಿತ್ಯದ ಮೇಲಿನ ಗೌರವದಿಂದ ಯಂತ್ರ ನಿಲ್ಲಿಸಿದರು. ಜೀವನದಲ್ಲಿ ಮೊದಲ ಬಾರಿಗೆ ನನ್ನ ದನಿ ತುಂಬಿದ ಸಭಾಂಗಣದ ಮೂಲೆ ಮೂಲೆಗೂ ಮುಟ್ಟಿತು.

ಕವಿತೆಯ ಎರಡನೇ ಸಾಲಿಗೇ ಅನುಸೂಯಾಬಾಯಿ ಎದ್ದು ನಿಂತರು.

“ಪಾಶಾ ಅಣ್ಣಾ, ಮಷೀನ್ ಯಾಕ ನಿಂದ್ರಸಿದ್ರಿ? ಎಲ್ಲಾ ಕೇಳಸ್ಲತ್ತದಲ್ರಿ!”

ಯಂತ್ರ ಮತ್ತೆ ಶುರುವಾಯಿತು. ಚಪ್ಪಾಳೆ ಬಿತ್ತು. ‘ಪ್ರೇಕ್ಷಕರ ಕೋರಿಕೆಯ ಮೇರೆಗೆ ಹಿಮ್ಮೇಳ ಒದಗಿಸಲಾಯಿತು’ ಎಂದು ವರದಿ ಕಳಿಸಿದೆ. ಅನುದಾನ ಮುಂದುವರಿದಿದೆ, ಬೇಳೆಯೂ ಚೆನ್ನಾಗಿ ಬರುತ್ತಿದೆ.

ಕರೆಂಟು ಹೋದ ದಿನ ಮಾತ್ರ ಕವಿತೆ ಓದುವಂತಿಲ್ಲ. ಈ ನಿಯಮವನ್ನು ಉಪಸಮಿತಿಯು ಸರ್ವಾನುಮತದಿಂದ ಅಂಗೀಕರಿಸಿದೆ.